ನೀಲಿ ಹೋಗಿ ಹಳದಿ ಬಂದದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದಿನಾ ಭಾಂಡುಪ್‌ನಿಂದ ಲೋಕಲ್ ರೈಲು ಹಿಡಿದು ಲ್ಯಾಬಿಗೆ ಹೋಗುತ್ತಿದ್ದೆ. ಪಿಎಚ್‌ಡಿ ಮುಗಿಯುವ ಲಕ್ಷಣವಿರಲಿಲ್ಲ. ಯಾವಾಗ ಮುಗಿಯುತ್ತದೆ ಎಂದು ಕೇಳುವುದನ್ನು ಮನೆಯವರೂ ಬಿಟ್ಟಿದ್ದರು.

ಲ್ಯಾಬಿನಲ್ಲಿ ಕನ್ನಡ ಮಾತಾಡುವವರು ನಾನು ಮತ್ತು ಜೊತೆಗೆ ಸಂಶೋಧನೆ ಮಾಡುತ್ತಿದ್ದ ಗೆಳತಿ, ಇಬ್ಬರೇ. ನಾನು ಧಾರವಾಡದ ಕಡೆಯವಳು. ಅವಳು ಮೈಸೂರಿನವಳು, ಮದುವೆಯಾಗಿ ಮಲಾಡ್‌ಗೆ ಬಂದಿದ್ದಳು. ನಮ್ಮ ಕೆಲಸವೂ ಜೋಡಿ ಕೆಲಸವೇ. ಮರದಂತೆ ಕವಲೊಡೆಯುವ ಅಣುವೊಂದನ್ನು ಕಟ್ಟಬೇಕಿತ್ತು. ಹೊರಗಿನ ಕವಲುಗಳು ಬೆಳಕನ್ನು ಹೀರಿಕೊಂಡು, ಆ ಶಕ್ತಿಯನ್ನು ನಡುವೆ ಕೂತ, ಬೆಳಕು ಸೂಸಬಲ್ಲ ಬಣ್ಣಕ್ಕೆ ದಾಟಿಸುತ್ತವೆಯೇ ಎಂದು ನೋಡುವುದು ನಮ್ಮ ಗುರಿ. ಹಸಿರೆಲೆಯೊಳಗೆ ಬಿಸಿಲಿಗೆ ಆಗುವುದೂ ಸುಮಾರಾಗಿ ಇದೇ. ಕವಲುಗಳನ್ನು ಅವಳು ಮಾಡುತ್ತಿದ್ದಳು, ನಡುವಿನ ಬಣ್ಣವನ್ನು ನಾನು.

ಎರಡನ್ನೂ ಬೆಸೆಯುವ ಕೊನೆಯ ಹಂತದಲ್ಲಿ ಸಿಕ್ಕಿಬಿದ್ದೆವು. ಕವಲುಗಳು ಒತ್ತೊತ್ತಾಗಿ, ಬಣ್ಣದ ಹತ್ತಿರ ಬರಲು ಅವಕ್ಕೆ ಜಾಗವೇ ಸಾಲುತ್ತಿರಲಿಲ್ಲ. ಪ್ರತಿ ಸಲವೂ ಫ್ಲಾಸ್ಕಿನ ತಳದಲ್ಲಿ ಕಂದು ಅಂಟು. ಅದನ್ನು ಉಜ್ಜಿ ತೊಳೆದು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆವು. ತಿಂಗಳುಗಳು ಹೀಗೇ ಕಳೆದವು.

ಅಷ್ಟರಲ್ಲಿ ಅವಳು ಬಸುರಿಯಾದಳು. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತಿದ್ದಳು.

"ಯಾಕ, ಊಟಾ ಬ್ಯಾಡೇನು?" ಎಂದೆ.

"ಈ ಕೆಮಿಕಲ್ ವಾಸನೆ ಮಧ್ಯೆ ಇರ್ಬೇಡಿ ಅಂದ್ರು ಕಣೇ ಡಾಕ್ಟ್ರು. ನಾಳೆಯಿಂದ ಬರಲ್ಲ."

"ಹೆರಿಗಿ ಆದಮ್ಯಾಲ ಬಂದರಾತಲ್ಲ."

"ನೋಡೋಣ," ಎಂದಳು. ಇಬ್ಬರಿಗೂ ಅದರಲ್ಲಿ ನಂಬಿಕೆ ಇರಲಿಲ್ಲ.

ಅವಳು ಮಾಡಿಟ್ಟ ಕವಲುಗಳ ಪುಟ್ಟ ಬಾಟಲಿಗಳು ಫ್ರಿಜ್ಜಿನಲ್ಲಿ ಉಳಿದವು. ದೊಡ್ಡ ಕವಲುಗಳ ಆಸೆ ಬಿಟ್ಟು, ಮೊದಮೊದಲು ಮಾಡಿದ್ದ ಚಿಕ್ಕವನ್ನು ತೆಗೆದುಕೊಂಡೆ. ಜಾಗ ಸಿಗಲೆಂದು ಬಣ್ಣಕ್ಕೆ ಸ್ವಲ್ಪ ಉದ್ದದ ಕೊಂಡಿ ಹಾಕಿದೆ. ಹಲವು ಸಲ ಕೆಟ್ಟಿತು. ಕೊನೆಗೊಮ್ಮೆ ಕೂಡಿಕೊಂಡಿತು. ಅಷ್ಟರೊಳಗೆ ಅವಳಿಗೆ ಹೆರಿಗೆಯೂ ಆಗಿತ್ತು.

ಅವಳ ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದೆ. ಮುಂದಿನ ವಾರ ಕೂಸನ್ನೂ ಅತ್ತೆಯನ್ನೂ ಕರೆದುಕೊಂಡು ಬಂದಳು. ತುಂಬಾ ಇಳಿದುಹೋಗಿದ್ದಳು. ಅತ್ತೆ ಕೂಸನ್ನೆತ್ತಿಕೊಂಡು ಕಾರಿಡಾರಿನಲ್ಲೇ ನಿಂತರು.

ಕಣ್ಣಿಗೆ ಕಾಣದ ಬೆಳಕು ಸೂಸುವ ದೀಪದ ಕೆಳಗೆ ಮೂರು ಸೀಸೆ ಇಟ್ಟು ಕೋಣೆ ಕತ್ತಲೆ ಮಾಡಿದೆ. ಬರೀ ಕವಲುಗಳಿದ್ದದ್ದು ನೀಲಿಯಾಗಿ ಹೊಳೆಯಿತು. ಕವಲನ್ನೂ ಬಣ್ಣವನ್ನೂ ಬೆಸೆಯದೆ ಸುಮ್ಮನೆ ಬೆರೆಸಿದ್ದೂ ನೀಲಿಯೇ. ಬೆಸೆದದ್ದರಲ್ಲಿ ನೀಲಿ ಇರಲಿಲ್ಲ, ತಿಳಿ ಹಳದಿ ಬೆಳಕಿತ್ತು. ಕವಲು ಹೀರಿದ್ದೆಲ್ಲ ನಡುವಿಗೆ ಹೋಗಿ, ಅಲ್ಲಿಂದ ಹೊರಬರುತ್ತಿತ್ತು.

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಇಷ್ಟೇನಾ?" ಎಂದಳು. ಮತ್ತೊಮ್ಮೆ ಬಗ್ಗಿ ನೋಡಿ, "ಚೆನ್ನಾಗಿದೆ ಕಣೇ," ಎಂದು ಸ್ಟೂಲಿನ ಮೇಲೆ ಕೂತಳು. ನಾನೂ ಪಕ್ಕದಲ್ಲೇ ಕೂತೆ. ಸಂತೋಷಪಡಬೇಕು ಎಂದು ಗೊತ್ತಿತ್ತು, ಆದರೆ ನನ್ನಲ್ಲಿ ಅಷ್ಟು ತ್ರಾಣ ಉಳಿದಿರಲಿಲ್ಲ. ಹೊರಗೆ ಕೂಸು ಅತ್ತಿತು, ಅವಳು ಎದ್ದು ಹೋದಳು.

ಅವಳು ಲ್ಯಾಬಿಗೆ ಮರಳಿ ಬರಲಿಲ್ಲ. ಈ ಕೆಲಸದ ಬಗ್ಗೆ ಅಚ್ಚಾದ ಲೇಖನದಲ್ಲಿ ಇಬ್ಬರ ಹೆಸರೂ ಇತ್ತು. ಒಂದು ಪ್ರತಿಯನ್ನು ಮಲಾಡ್‌ಗೆ ಹೋಗಿ ಕೊಟ್ಟುಬಂದೆ. ನಾನು ಥೀಸಿಸ್ ಒಪ್ಪಿಸಿದ ದಿನ ಮಧ್ಯಾಹ್ನವೇ ಮನೆಗೆ ಬಂದು, ಸೀರೆಯನ್ನೂ ಬದಲಿಸದೆ ಮಲಗಿಬಿಟ್ಟೆ.