ಹೆಬ್ಬೆರಳಿಗೆ ಕಟ್ಟಿದ ಹಗ್ಗ

ಜೇವರ್ಗಿಯ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಗೆ ಬಾಣಂತಿ ಮಗಳು ಬಂದಿದ್ದಾಳೆ. ರಜೆಯ ದಿನ ಮಧ್ಯಾಹ್ನ ತೊಲೆಗೆ ಕಟ್ಟಿದ ಸೀರೆಯ ಜೋಳಿಗೆ ಕಿರುಗುಟ್ಟತೊಡಗಿದರೆ ನಾನು ಓದುವುದನ್ನು ನಿಲ್ಲಿಸುತ್ತೇನೆ. ಕೂಸುಗಳ ಮೇಲೆ ನನಗೆ ವಿಶೇಷ ಮಮತೆಯೇನೂ ಇಲ್ಲ. ಯಾರಾದರೂ ಕೈಗೆ ಕೊಟ್ಟರೆ ಗಾಜಿನ ಸಾಮಾನು ಹಿಡಿದವಳಂತೆ ನಿಂತುಬಿಡುತ್ತೇನೆ. ಆದರೆ ಆ ಸದ್ದು ಕೇಳಿದರೆ ಸಾಕು, ಬಾಯಲ್ಲಿ ಏಳರ ಮಗ್ಗಿ ತಾನಾಗಿ ಶುರುವಾಗುತ್ತದೆ. ಯಾಕೆಂದು ನಿಮಗೆ ಹೇಳಬೇಕು.

ಅಂದೋಲಾ ಕಡೆಯ ಹಳ್ಳಿಯೊಂದರಲ್ಲಿ ಊರವರೇ ಸೇರಿ ನಡೆಸುವ ಮಕ್ಕಳ ಕೇಂದ್ರವಿದೆ. ಶಾಲೆ ತಪ್ಪಿದವರಿಗೆ ಪಾಠ, ಮಧ್ಯಾಹ್ನ ಊಟ, ಸಂಜೆ ಖೊ ಖೊ. ಎಂ.ಎ. ಮುಗಿಸಿ ಅಲ್ಲಿ ಕಲಿಸಲು ಸೇರಿದ ದಿನವೇ ನಾನು ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ಕೂರಿಸಲು ಹೋದೆ. ಆಗಲಿಲ್ಲ. ಕೋಣೆಯ ತುಂಬ ಜೋಳಿಗೆಗಳು ನೇತಾಡುತ್ತಿದ್ದವು. ದೊಡ್ಡವರು ಕೂಲಿಗೆ ಹೋದರೆ ಚಿಕ್ಕ ಕೂಸನ್ನು ನೋಡಿಕೊಳ್ಳುವುದು ಮನೆಯ ಹುಡುಗಿಯ ಪಾಲು. ಹಾಗಾದರೆ ಕೂಸನ್ನೂ ಕರೆದುಕೊಂಡೇ ಬಾ ಎಂದಿದ್ದರು ಕೇಂದ್ರ ನೋಡಿಕೊಳ್ಳುವ ಕಸ್ತೂರಕ್ಕ. ಜೋಳಿಗೆಯ ಹಗ್ಗದ ತುದಿ ಹುಡುಗಿಯ ಕಾಲಿನ ಹೆಬ್ಬೆರಳಿಗೆ. ಕಾಲು ತೂಗುತ್ತಿತ್ತು, ಕೈ ಬರೆಯುತ್ತಿತ್ತು.

“ಕಾಲೇಜಿನ್ಯಾಗ ಇದನ್ನ ಕಲಿಸಿರಾಕಿಲ್ಲ ತಗೋರಿ ಟೀಚರ್ರ,” ಎಂದು ಕಸ್ತೂರಕ್ಕ ನಕ್ಕಿದ್ದರು.

ಎಲ್ಲರಿಗಿಂತ ಚುರುಕು ಮಹಾದೇವಿ. ಅವಳ ತಮ್ಮ ಮಲಗುತ್ತಿದ್ದುದು ಅವಳು ಮಗ್ಗಿ ಹೇಳಿದರೆ ಮಾತ್ರ. ತಪ್ಪು ಹೇಳಿದರೆ ಕಣ್ಣು ಬಿಡುತ್ತಾನೆಂದು ಗೆಳತಿಯರ ಗೇಲಿ. ನೋಡಲು ಬಂದವರಿಗೆಲ್ಲ ನಾವು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆವು.

ಈ ವರ್ಷ ತೊಗರಿ ರಾಶಿ ಮುಗಿಯುತ್ತಲೇ ಅವಳ ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಪುಣೆಗೆ ಹೊರಟರು. ಕೂಸಿನ್ನೂ ಮೊಲೆ ಬಿಟ್ಟಿರಲಿಲ್ಲ, ಅದು ಹೋಗಲೇಬೇಕು. ಮಹಾದೇವಿಯನ್ನಾದರೂ ಅಜ್ಜಿಯ ಹತ್ತಿರ ಬಿಡಿ, ಊಟ ಪಾಠ ನಮ್ಮದು ಎಂದು ಕಸ್ತೂರಕ್ಕ ಗೋಗರೆದರು. ಜೊತೆಗೆ ಹೊರಟಿದ್ದ ಚಿಕ್ಕಮ್ಮನ ಕೈಯಲ್ಲಿ ಕೂಸು ಮಲಗಿದರೆ ಮಗಳನ್ನು ಬಿಟ್ಟು ಹೋಗುತ್ತೇನೆ ಎಂದಳು ತಾಯಿ ಸಿದ್ದಮ್ಮ.

ಕೇಂದ್ರದಲ್ಲೇ ಮಲಗಿಸಿ ನೋಡಿದೆವು. ಮಹಾದೇವಿಗೆ ಬಾಗಿಲ ಹಿಂದೆ ಸುಮ್ಮನೆ ಕೂರಲು ಹೇಳಿದ್ದೆವು. ಚಿಕ್ಕಮ್ಮ ತೂಗಿದಳು, ಹಾಡಿದಳು. ಕೂಸು ಉಸಿರು ಕಟ್ಟುವಂತೆ ಅತ್ತಿತು.

“ತಡೀರಿ, ಮಲಗತದ,” ಎನ್ನುತ್ತಲೇ ಇದ್ದರು ಕಸ್ತೂರಕ್ಕ.

ಆಗ ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು. ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು. ಮಗ್ಗಿ ಮುಗಿಯುವ ಮೊದಲೇ ಕೂಸು ಮಲಗಿತ್ತು.

“ಇನ್ನೇನ್ ಕೇಳ್ತೀರಿ ಅಕ್ಕಾರ?” ಎಂದಳು ಸಿದ್ದಮ್ಮ, ಮೆಲ್ಲಗೆ. “ಅಕಿ ಇಲ್ದ ನಾ ಇಟ್ಟಂಗಿ ಹ್ಯಾಂಗ ಹೊರ್ಲಿ?”

ಕಸ್ತೂರಕ್ಕ ಮಹಾದೇವಿಯ ತೋಳು ಹಿಡಿದರು. “ಬಾಯಿ ಮುಚ್ಕೊಂಡು ಕೂಡಾಕ ಆಗಲಿಲ್ಲೇನಬೇ ನಿನಗ?”

“ಅಂವ ಅಳಾಕತ್ತಿದ್ದನಲ್ರಿ,” ಎಂದಳು ಅವಳು.

ಅವಳು ಓದಲೆಂದು ಮಾಡಿದ ಏರ್ಪಾಟಿನಿಂದಲೇ ಅವಳಿಲ್ಲದೆ ಕೂಸು ಮಲಗದಂತಾಗಿತ್ತು. ಈಗ ಜೋಳಿಗೆ ತೂಗಲು ಊರಿನ ಅಜ್ಜಿಯರು ಸರದಿಯಂತೆ ಬರುತ್ತಾರೆ. ಒಳ್ಳೆಯದೇ. ಮಹಾದೇವಿಯ ಪಾಲಿಗೆ ತಡವಾಯಿತು.

ನಿನ್ನೆ ಸಿದ್ದಮ್ಮ ಫೋನ್ ಮಾಡಿದ್ದಳು. “ಇಲ್ಲಿ ಎಲ್ಲಾರ ಕೂಸುಗೋಳನ್ನೂ ಅಕಿನೇ ನೋಡ್ತಾಳ್ರಿ. ಭಾಳ ಶಾಣ್ಯಾಕಿ ಆಗ್ಯಾಳ,” ಎಂದು ಹಿಗ್ಗಿನಿಂದ ಹೇಳಿ ಮಗಳಿಗೆ ಕೊಟ್ಟಳು.

“ಟೀಚರ್ರ, ಎಷ್ಟನೇ ಪಾಠಕ್ಕ ಬಂದೀರಿ?”

ಪುಸ್ತಕ ಮುಗಿಯುತ್ತ ಬಂದಿತ್ತು. ಸುಳ್ಳು ಹೇಳಿ ನನಗೆ ರೂಢಿಯಿಲ್ಲ. “ನೀ ಬಿಟ್ಟು ಹೋದ ಪಾಠದಾಗೇ ಅದೀವಿ,” ಎಂದೆ.

“ನಾ ಇಲ್ದ ಎಲ್ಲಾರೂ ದಡ್ಡ ಆಗ್ಯಾರೇನ್ರಿ?” ಅವಳು ನಕ್ಕಳು. ಹಿಂದೆ ಯಾವುದೋ ಕೂಸು ಅತ್ತಿತು. ಫೋನ್ ಕಟ್ಟಾಯಿತು.

ಇವತ್ತು ತರಗತಿಯಲ್ಲಿ ಆ ಪಾಠವನ್ನೇ ತೆಗೆಸಿದೆ. “ಇದು ಆಗ್ಯಾದಲ್ರಿ ಟೀಚರ್ರ!” ಎಂದು ಮಕ್ಕಳು ಗಲಾಟೆ ಮಾಡಿದರು. ಇನ್ನೊಮ್ಮೆ ಓದೋಣ ಎಂದೆ. ಕಾರಣ ಹೇಳಲಿಲ್ಲ.