ಸುಣ್ಣದ ಗೆರೆಯ ಬಾಲವಾಡಿ

ಯಾರಾದರೂ ಮಾತಾಡಲು ಶುರು ಮಾಡಿದರೆ ಸಾಕು, ಅಕ್ಕೋರು ತಲೆಯ ಮೇಲಿನ ಸೆರಗನ್ನು ಎಡಗಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಿವಿ ಮಂದವೇನೂ ಇರಲಿಲ್ಲ. ಓಣಿಯ ಆಚೆ ಕೂಸು ಅತ್ತರೆ ಯಾರ ಮನೆಯದೆಂದು ಕೂತಲ್ಲೇ ಹೇಳುವವರು. ಆದರೂ ಸೆರಗು ಸರಿಯಬೇಕು, ಸವೆದ ಬೆಂಡೋಲೆ ಹೊರಗೆ ಬರಬೇಕು, ಆಮೇಲೆ "ಹಾಂ, ಈಗ ಹೇಳ್ರಿ." ಎದುರಿಗಿರುವುದು ಮೂಗು ಸೋರುವ ಕೂಸಾದರೂ ಅಷ್ಟೇ, ವಾರ್ಡಿನ ನಗರಸೇವಕನಾದರೂ ಅಷ್ಟೇ.

ಅವರು ಔರಾದ ಕಡೆಯವರು, ನಾವು ಭಾಲ್ಕಿಯವರು. ಮಹಾರಾಷ್ಟ್ರದ ಸಂಭಾಜಿನಗರದ ಅಂಚಿನಲ್ಲಿ, ಪೈಠಣ ರಸ್ತೆಗೆ ನನ್ನ ಸಿಮೆಂಟು ಕಬ್ಬಿಣದ ಅಂಗಡಿ. ಅದರ ಹಿಂದಿನ ಓಣಿಯಲ್ಲಿ ಅವರ ಮನೆ. ಮನೆಗೆ ಅಂಟಿಕೊಂಡ, ತಗಡಿನ ಪತ್ರಾ ಹೊದಿಸಿದ ಖೋಲಿಯಲ್ಲಿ ಅವರು ಬಾಲವಾಡಿ ನಡೆಸುತ್ತಿದ್ದರು. ಕಲಬುರಗಿ, ಬೀದರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಮಕ್ಕಳು ಮರಾಠಿಯಲ್ಲಿ ಜಗಳಾಡುತ್ತಿದ್ದರು, ಅಕ್ಕೋರು ಕನ್ನಡದಲ್ಲಿ ಬಿಡಿಸುತ್ತಿದ್ದರು. ನನ್ನ ಮಗಳೂ ಅಲ್ಲೇ ಕಲಿತವಳು. ಅವಳಿಗೆ ಕನ್ನಡ ಅಂತ ಏನಾದರೂ ಬರುವುದಿದ್ದರೆ ಅದು ಅಕ್ಕೋರ ಹಾಡು, ಮತ್ತೆ ಅಕ್ಕೋರ ಬೈಗುಳ.

ಓಣಿಯಾಚೆಯ ಬಯಲಿನಲ್ಲಿ ಹೊಸ ವಸಾಹತು ಆಗುತ್ತದೆ, ಶೆಡ್ಡುಗಳಲ್ಲಿರುವ ಕೂಲಿಯವರಿಗೂ ಅದರಲ್ಲಿ ಮನೆ ಸಿಗುತ್ತದೆ ಎಂದು ಸುದ್ದಿಯಾಯಿತು. ಮಹಾನಗರಪಾಲಿಕೆಯ ಕಚೇರಿಯ ಗೋಡೆಗೆ ನಕಾಶೆ ಹಚ್ಚಿ, ತಕರಾರು, ಸೂಚನೆ ಏನಿದ್ದರೂ ಜನ ಬಂದು ಹೇಳಬಹುದು ಎಂದರು. ಬಾಲವಾಡಿಯ ಜಾಗ ಇನ್ನೂ ನಿಕ್ಕಿಯಾಗಿರಲಿಲ್ಲ. ಅಕ್ಕೋರ ಮನಸ್ಸಿನಲ್ಲಿ ಮಾತ್ರ ಎಂದೋ ಆಗಿತ್ತು: ಪತ್ರಾ ಖೋಲಿ ಇದ್ದಲ್ಲೇ ಪಕ್ಕಾ ಕಟ್ಟಡ ಬರಬೇಕು. "ಹೆತ್ತವರಿಗಿ ಹೆಗ್ಗಣ ಮುದ್ದು ತಮ್ಮಾ, ನನಗ ನನ್ನ ಖೋಲಿ ಮುದ್ದು" ಎನ್ನುತ್ತಿದ್ದರು. ಅವರ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಬಾಲವಾಡಿ ದೂರ ಹೋದರೆ ಅದು ಇರುತ್ತದೆ, ಅಕ್ಕೋರು ಅದರಲ್ಲಿ ಇರುವುದಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮಕ್ಕಳ ತಾಯಂದಿರನ್ನು ಅಕ್ಕೋರು ಕರೆದೊಯ್ದು ನಕಾಶೆ ತೋರಿಸಿದರು. ಆ ಹೆಂಗಸರು ಎಲ್ಲದಕ್ಕೂ "ಛಲೋ ಅದರಿ" ಎಂದರು.

"ಆಯ್ತಲ್ರಿ ಅಕ್ಕೋರೆ, ನಿಮ್ಮ ಖೋಲಿ ಇದ್ದಲ್ಲೇ ಬೇಕಂತ ಅವರ ಹೆಸರಿಲೇ ಹೇಳಿಬಿಡಮು" ಎಂದೆ. ನಾನು ವ್ಯಾಪಾರಸ್ಥ, ಕೆಲಸ ಮುಗಿಯುವುದು ನೋಡುವವನು.

"ಗ್ವಾಡಿಗಿ ಹಚ್ಚಿದ್ದು ನೋಡಿ ಹೂಂ ಅಂದ್ರ ಅದ್ಯಾವ ಹೂಂ? ನೆಲದ ಮ್ಯಾಲ ನಡೆದು ನೋಡ್ಲಿ. ಆಮ್ಯಾಲ ಅವರೇ ಹೇಳ್ತಾರ."

ಅಮಾವಾಸ್ಯೆಯ ದಿನ ಕಟ್ಟಡ ಕೆಲಸಕ್ಕೆ ರಜೆ. ಬೆಳಿಗ್ಗೆಯೇ ಅಕ್ಕೋರು ಬಯಲಿಗೆ ಹೋಗಿ, ಅಳತೆಯವರು ಹೊಡೆದಿದ್ದ ಗೂಟದಿಂದ ಗೂಟಕ್ಕೆ ರಂಗೋಲಿ ಎಳೆಸಿದರು. ಇದು ದೊಡ್ಡ ರಸ್ತೆ, ಇವು ಮನೆಯ ಸಾಲು, ಇದು ನಲ್ಲಿ. ಹೆಂಗಸರು ಮಿಂದು, ಮಡಿಸಿಟ್ಟ ಸೀರೆ ಉಟ್ಟು ಬಂದರು. ಬಂದವರು ಬಿಳಿ ಗೆರೆ ನೋಡಿದ್ದೇ ನೆರಿಗೆ ಎತ್ತಿಕೊಂಡು ಅಂಚಿನಲ್ಲೇ ಸುತ್ತು ಹಾಕತೊಡಗಿದರು. ಒಬ್ಬಾಕೆ ಮೂಲೆಯಲ್ಲಿ ಅರಿಸಿನ ಕುಂಕುಮ ಇಟ್ಟು ಕೈಮುಗಿದಳು. ರಸ್ತೆಗೆ ಒಬ್ಬರೂ ಇಳಿಯಲೊಲ್ಲರು. ಬನ್ನಿ ಬನ್ನಿ ಎಂದು ಅಕ್ಕೋರು ಕರೆದರೆ, "ರಂಗೋಲಿ ಹ್ಯಾಂಗ ತುಳಿಯೋದ್ರಿ ಅಕ್ಕೋರೆ?"

ಅಕ್ಕೋರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನನ್ನ ಬುದ್ಧಿಗಿ ಬೆಂಕಿ ಹತ್ತಲಿ. ತಮ್ಮಾ, ನಿನ್ನ ಅಂಗಡ್ಯಾಗ ಫಕ್ಕಿ ಅದ ಏನು?"

ಪಾಯ ತೋಡುವ ಮುಂಚೆ ನೆಲದ ಮೇಲೆ ಗುರುತಿಗೆ ಹಾಕುವ ಸುಣ್ಣದ ಪುಡಿ ಅದು. ಚೀಲ ತಂದೆ. ರಂಗೋಲಿ ಗುಡಿಸಿ, ಅದೇ ಗೆರೆಗಳ ಮೇಲೆ ಫಕ್ಕಿ ಬಿತ್ತು. ಬಣ್ಣ ಅದೇ ಬಿಳಿ, ಆದರೆ ಹೆಂಗಸರ ನಡಿಗೆಯೇ ಬದಲಾಯಿತು. ದಿನಾ ತುಳಿಯುವ ಗೆರೆ ಅದು. ಸೆರಗು ಬಿಗಿದು ಒಳಗೆ ನುಗ್ಗಿದರು. ಇಲ್ಲಿ ಬಾಗಿಲು, ಇಲ್ಲಿ ಒಲೆ, ಇಲ್ಲಿ ನಿನ್ನ ಗಂಡ ಕುಡಿದು ಬಿದ್ದಿರ್ತಾನ ಎಂದು ಒಬ್ಬರಿಗೊಬ್ಬರು ಚೇಷ್ಟೆ ಮಾಡಿದರು.

"ಈಗ ಮುಂಜಾನಿ ಆಗ್ಯಾದ ಅನ್ಕೋರಿ. ಕೂಸಿಗಿ ಎತ್ಕೋರಿ, ಬಾಲವಾಡಿಗಿ ಬಿಡ್ರಿ, ಕೆಲಸಕ್ಕ ನಡೀರಿ" ಎಂದರು ಅಕ್ಕೋರು.

ಎಲ್ಲರೂ ನಾಕಾದ ಕಡೆ ಹೊರಟರು. ಬೆಳಿಗ್ಗೆ ಕೂಲಿಗೆ ಕರೆಯುವವರಿಗಾಗಿ ಅವರು ನಿಲ್ಲುವ ಚೌಕ ಅದು. ಅಕ್ಕೋರ ಮನೆಯಿರುವುದು ತದ್ವಿರುದ್ಧ ದಿಕ್ಕಿಗೆ. ಬಯಲಿನ ಆ ತುದಿಯಲ್ಲಿ ನಿಂತು ಚಿಂಚೋಳಿ ಕಡೆಯ ಇಟ್ಟಂಗಿ ಹೊರುವ ಹೆಂಗಸು ಕೂಗಿ ಹೇಳಿದಳು: "ಇಲ್ಲಿ ಬೇಕರಿ ಅಕ್ಕೋರೆ! ಹೋಗ್ತಾ ಬಿಡ್ತೀವಿ, ಬರ್ತಾ ಕರ್ಕೋತೀವಿ. ನಿಮ್ಮ ಕಡಿ ಸುತ್ತಿ ಬರೋದ್ರಾಗ ಕೆಲಸ ಬ್ಯಾರೆಯವರ ಪಾಲಾಗ್ತದ."

ಅಕ್ಕೋರು ಸೆರಗನ್ನು ಕಿವಿಯ ಹಿಂದೆ ಸರಿಸಿದರು. "ಮತ್ತೊಮ್ಮೆ ಹೇಳವ್ವಾ" ಎಂದರು. ಆಕೆ ಮತ್ತೊಮ್ಮೆ ಹೇಳಿದಳು. ಅಕ್ಕೋರು ಕುಂಟುತ್ತ ಅಷ್ಟು ದೂರ ನಡೆದುಹೋಗಿ, ಬಗ್ಗಿ, ತಮ್ಮ ಕೈಯಿಂದಲೇ ಅಲ್ಲಿ ಬಾಲವಾಡಿಯ ಚೌಕ ಎಳೆದರು.

ಜನರ ತಕರಾರು ಕೇಳುವ ಸುನಾವಣಿಯ ದಿನ ಸಭಾಗೃಹದಲ್ಲಿ ಅವರು ಮರಾಠಿಯಲ್ಲಿ ಅಷ್ಟನ್ನೇ ಹೇಳಿದರು: ಬಾಲವಾಡಿ ನಾಕಾದ ಬದಿಗೆ ಬೇಕು, ತಾಯಂದಿರ ಮಾತು ಇದು. ಕೇಳಲು ಕೂತಿದ್ದ ಸಾಹೇಬರು ತಾಳ್ಮೆಯ ಮನುಷ್ಯ. ನಿಮ್ಮದೇನಾದರೂ ತಕರಾರು ಇದೆಯೇ ಎಂದು ಕೇಳಿದರು. ಇಲ್ಲ ಎಂದರು ಅಕ್ಕೋರು. ಆಗ ಹಿಂದಿನಿಂದ ಚಿಂಚೋಳಿಯಾಕೆ ಎದ್ದಳು. ವಿಷಯ ಅವಳಿಗೆ ಅದೇ ಹೊತ್ತಿಗೆ ಹೊಳೆದಿರಬೇಕು. "ಅಕ್ಕೋರಿಗಿ ಅಷ್ಟು ದೂರ ನಡೀಲಾಕ ಆಗಲ್ಲರಿ ಸಾಹೇಬ್ರೆ! ಅದು ಮೊದಲಿದ್ದಲ್ಲೇ ಇರ್ಲಿ."

ಅಕ್ಕೋರು ತಿರುಗಿ, ಮಕ್ಕಳನ್ನು ಗದರಿಸುವ ದನಿಯಲ್ಲೇ ಅಂದರು: "ಬಾಲವಾಡಿ ಕೂಸುಗಳಿಗಿ ಅದ, ನನ್ನ ಮೊಣಕಾಲಿಗಿ ಅಲ್ಲ. ಸುಮ್ಮ ಕೂಡು."

ದಾರಿಯಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, ನಿಮ್ಮ ಆಸೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು. "ಕರೆದು ಕೇಳಿದವಳು ನಾನು. ನನಗ ಬೇಕಾದ್ದು ಬರಲಿಲ್ಲಂತ ಮಾತು ತಿರುವಿದ್ರ, ಮುಂದ ಅವರು ಯಾರಿಗೂ ಏನೂ ಹೇಳಾಂಗಿಲ್ಲ ತಮ್ಮಾ." ಓಣಿಗೆ ತಿರುಗುವಾಗ, "ದುಃಖ ಆಗ್ಯಾದ. ಆಗಿಲ್ಲ ಅನ್ನಲ್ಲ" ಎಂದರು.

ಮನೆಗಳು ಎದ್ದವು. ನಾಕಾದ ಬದಿಗೆ ಬಾಲವಾಡಿಯೂ ಆಯಿತು, ಹೊಸ ಹುಡುಗಿಯೊಬ್ಬಳು ಕಲಿಸಲು ಬಂದಳು. ಪತ್ರಾ ಖೋಲಿಗೆ ಬೀಗ ಬಿತ್ತು. ಆದರೆ ಬೆಳಿಗ್ಗೆ ಅಂಗಡಿ ತೆರೆಯುವಾಗ ನೋಡುತ್ತಿದ್ದೆ, ಕೆಲವು ತಾಯಂದಿರು ಅಷ್ಟು ದೂರ ಸುತ್ತು ಹಾಕಿ ಅಕ್ಕೋರ ಕಟ್ಟೆಗೆ ಬರುತ್ತಿದ್ದರು, ಕೂಸಿನ ಕೈಯಿಂದ ಶರಣು ಮಾಡಿಸಿಕೊಂಡು ಹೋಗಲು. "ಹಾದಿ ಉಳೀಲಿ ಅಂತ ಅಲ್ಲಿ ಮಾಡ್ಸಿದ್ರ ಇಲ್ಲಿಗಿ ಯಾಕ ಬರ್ತೀರೇ ಹುಚ್ಚಗೋಳ್ಯಾ!" ಎಂದು ಅಕ್ಕೋರು ಬೈಯುತ್ತಿದ್ದರು. ಬೈಯಲೆಂದೇ ಬೇಗ ಎದ್ದು, ತಲೆ ಬಾಚಿ ಕೂತಿರುತ್ತಿದ್ದರು.

ಅವರು ತೀರಿಕೊಂಡ ಬೆಳಿಗ್ಗೆಯೂ ಆ ಹೆಂಗಸರು ಬಂದರು, ಏನೂ ಗೊತ್ತಿಲ್ಲದೆ. ಸುದ್ದಿ ಹೇಳುವುದು ನನ್ನ ಪಾಲಿಗೆ ಬಂತು. ಗೌರವಕ್ಕೆಂದು ಆ ದಿನ ಬಾಲವಾಡಿ ಮುಚ್ಚುವಂತೆ ಕಲಿಸುವ ಹುಡುಗಿಗೆ ನಾನಾಗಲೇ ಫೋನ್ ಮಾಡಿದ್ದೆ. ಅದನ್ನು ಹೆಂಗಸರಿಗೆ ಹೇಳಹೊರಟವನು, ಯಾಕೋ ತಡೆದು, "ನೀವು ಏನಂತೀರಿ?" ಎಂದು ಕೇಳಿದೆ.

ಚಿಂಚೋಳಿಯಾಕೆ ಕಣ್ಣೊರೆಸಿಕೊಂಡಳು. "ಬಾಲವಾಡಿ ಬಂದ್ ಮಾಡಬ್ಯಾಡ್ರಿ ಅಣ್ಣಾ. ಕೂಸುಗಳಿಗಿ ಅಲ್ಲಿ ಬಿಟ್ಟು ಬರ್ತೀವಿ. ಇವತ್ತ ನಾಕಾಕ ಹೋಗಲ್ಲ, ಅಕ್ಕೋರ ಸಂಗಟ ಮಣ್ಣಿಗಿ ಹೋಗ್ತೀವಿ."

ನಾನು ಮತ್ತೆ ಫೋನ್ ಮಾಡಿ, ಬಾಲವಾಡಿ ತೆರೆದೇ ಇರಲಿ ಎಂದೆ.