ಶಾರ್ಕಿಗೂ ತೊಟ್ಟಿ ಬಿಡಿಸಿಕೊಟ್ಟ ಆಮೆ ಡಾಕ್ಟರು

ಕಡಲಜೀವಿಗಳ ಶುಶ್ರೂಷೆಯನ್ನೇ ಬದುಕಾಗಿಸಿಕೊಂಡವರ ಸಾಲಿನಲ್ಲಿ ನಮ್ಮ ಡಾಕ್ಟರಮ್ಮನವರಿಗೆ ಮೊದಲ ಕುರ್ಚಿ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಚಿಕಿತ್ಸಾ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು, ಬಲೆಗೆ ಸಿಕ್ಕಿ ಗಾಯಗೊಂಡ, ಪ್ಲಾಸ್ಟಿಕ್ ನುಂಗಿ ಸೊರಗಿದ ಕಡಲಾಮೆಗಳನ್ನು ಮತ್ತೆ ನೀರಿಗಿಳಿಸಿದ ಅವರನ್ನು ಊರೆಲ್ಲ ‘ಆಮೆ ಡಾಕ್ಟರು’ ಎಂದೇ ಕರೆಯಿತು.

ನಾನು ಅವರ ಕೈಕೆಳಗೆ ಸೇರಿದ ಮೊದಲ ವಾರವೇ ಔಷಧಿಯ ಪ್ರಮಾಣ ತಪ್ಪಾಗಿ ಬರೆದು, ಯಾರೂ ನೋಡುವ ಮುಂಚೆ ಹಾಳೆ ಹರಿಯಹೊರಟಿದ್ದೆ. ಅವರು ಕೈ ಹಿಡಿದು ತಡೆದರು.

“ಹರೀಬೇಡಪ್ಪ. ಒಂದು ಗೆರೆ ಎಳಿ, ಕೆಳಗೆ ಸರಿಯಾದ್ದು ಬರಿ, ಸಹಿ ಹಾಕು. ತಪ್ಪು ಕಾಣ್ತಾ ಇದ್ರೇನೇ ಮುಂದಿನವರು ಹುಷಾರಾಗಿರ್ತಾರೆ.”

ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ ನನಗೆ ಹೋದ ಜೀವ ಬಂದಂತಾಯಿತು.

ಆ ಗೆರೆಯನ್ನು ಅವರು ತಮ್ಮ ಬರಹದ ಮೇಲೂ ಎಳೆದದ್ದನ್ನು ಇಲ್ಲಿ ಹೇಳಲೇಬೇಕು. ಹನ್ನೆರಡು ವರ್ಷಗಳ ಹಿಂದೆ ಮೀನುಗಾರರು, ಗಂಟಲಲ್ಲಿ ಗಾಳ ಸಿಕ್ಕಿಕೊಂಡ ಹೆಣ್ಣು ಶಾರ್ಕೊಂದನ್ನು ನೀರಿನ ಟಬ್ಬಿನಲ್ಲಿ ಹೊತ್ತು ತಂದರು. ಖಾಲಿ ಇದ್ದದ್ದು ಒಂದೇ ತೊಟ್ಟಿ, ಅದೂ ಮರುದಿನ ಬರಲಿದ್ದ ಆಮೆಗೆ ಮೀಸಲು. ಕೇಂದ್ರದ ಕಾರ್ಯದರ್ಶಿಗಳು ಖಡಾಖಂಡಿತವಾಗಿ ಹೇಳಿದರು: “ವಾಪಸ್ ಕಳಿಸಿ. ಬಾಗಿಲ ಬೋರ್ಡಲ್ಲಿ ನೀವೇ ಬರೆದಿದ್ದೀರಲ್ಲ, ಶಾರ್ಕು ಆಮೆಯ ವೈರಿ ಅಂತ!”

ಬರೆದದ್ದು ನಿಜವೇ. ಡಾಕ್ಟರಮ್ಮ ಟಬ್ಬಿನ ಪಕ್ಕ ಕೂತು ಶಾರ್ಕಿನ ಬಾಯನ್ನೊಮ್ಮೆ ನೋಡಿದರು.

“ಆಮೆ ನೂರು ಮೊಟ್ಟೆ ಇಟ್ರೂ ಬೆಳೆದು ದೊಡ್ಡದಾಗೋದು ಒಂದಾದ್ರೆ ಪುಣ್ಯ. ಇವಳ ಜಾತಿ ಹಾಕೋದೇ ಎರಡು ವರ್ಷಕ್ಕೆ ನಾಲ್ಕೈದು ಮರಿ. ತಾಯಿಯಾಗೋಕೆ ಇಬ್ಬರಿಗೂ ಹತ್ತಿಪ್ಪತ್ತು ವರ್ಷ ಬೇಕು. ಇಬ್ಬರನ್ನೂ ಕೊಲ್ತಿರೋದು ಅದೇ ಬಲೆ, ಅದೇ ಗಾಳ. ಆಮೆ ಮುದ್ದಾಗಿದೆ, ಇವಳಿಗೆ ಹಲ್ಲಿದೆ. ಹಲ್ಲಿರೋರಿಗೆ ನೋವಾಗಲ್ವಾ ಸಾರ್?”

“ಸರಿಯಮ್ಮ, ನಾಳೆ ಆಮೆ ಬಂದ್ರೆ ಎಲ್ಲಿಡ್ತೀರಿ?”

“ನನ್ನ ರೂಮಲ್ಲಿ. ಅದು ಗಾಳಿ ಉಸಿರಾಡೋ ಪ್ರಾಣಿ, ಒದ್ದೆ ಬಟ್ಟೆ ಹೊದಿಸಿದ್ರೆ ಎರಡು ದಿನ ತಡ್ಕೊಳತ್ತೆ. ಇವಳು ಈ ಟಬ್ಬಲ್ಲಿ ಸಂಜೆವರೆಗೂ ಉಳಿಯಲ್ಲ.”

ಇನ್ನೊಂದು ತೊಟ್ಟಿ ಖಾಲಿಯಾಗುವವರೆಗೆ, ಅಂದರೆ ಎರಡು ದಿನ, ಆಮೆ ಅವರ ಕೋಣೆಯಲ್ಲಿ ಒದ್ದೆ ಹಾಸಿಗೆಯ ಮೇಲೆ ಠೀವಿಯಿಂದ ಮಲಗಿತ್ತು. ಡಾಕ್ಟರಮ್ಮ ಹೊರಗೆ ವರಾಂಡದ ಮೆಟ್ಟಿಲ ಮೇಲೆ ಕೂತು ಕಡತ ಬರೆದರು. ಗಾಳ ತೆಗೆಸಿಕೊಂಡು ತೊಟ್ಟಿಯಲ್ಲಿ ಚೇತರಿಸಿಕೊಂಡ ಶಾರ್ಕು ಹತ್ತೊಂಬತ್ತನೆಯ ದಿನ ಕಡಲಿಗೆ ಮರಳಿತು. ಅದೇ ಸಂಜೆ ಅವರು ಬೋರ್ಡಿನ ‘ಆಮೆಯ ವೈರಿ’ ಎಂಬ ಮಾತಿಗೆ ಗೆರೆ ಎಳೆದು, ಕೆಳಗೆ ‘ಆಮೆಯಷ್ಟೇ ಕಷ್ಟದಲ್ಲಿರುವ ಜೀವಿ’ ಎಂದು ಬರೆದು ಸಹಿ ಹಾಕಿದರು. ಆ ಬೋರ್ಡು ಇಂದಿಗೂ ಬಾಗಿಲಲ್ಲೇ ಇದೆ.

ಅವರಿಗೆ ಆಮೆಯ ಆಯುಸ್ಸೂ, ಉದುರಿದಷ್ಟೂ ಹೊಸದಾಗಿ ಹುಟ್ಟುವ ಶಾರ್ಕಿನ ಹಲ್ಲೂ ದೊರೆಯಲೆಂದು ಮನಸಾರೆ ಹಾರೈಸುತ್ತೇನೆ. ‘ಆಮೆ ಡಾಕ್ಟರು ಸೇವೆ ಮುಗಿಸಿದರು’ ಎಂದು, ಅವರ ನಿವೃತ್ತಿಗಾಗಿ ಬರೆದ ಈ ಲೇಖನದ ಕರಡನ್ನು ಶುರುಮಾಡಿದ್ದೆ. ನಿವೃತ್ತಿಯ ಮರುದಿನ ಬೆಳಿಗ್ಗೆ ನೋಡಿದರೆ ಅವರು ಗಂಬೂಟು ಹಾಕಿಕೊಂಡು ತೊಟ್ಟಿ ತಿಕ್ಕುತ್ತಿದ್ದರು. ಹಾಳೆ ಹರಿಯಲಿಲ್ಲ, ಆ ವಾಕ್ಯಕ್ಕೆ ಗೆರೆ ಎಳೆದು, ಸರಿಯಾದದ್ದನ್ನು ಕೆಳಗೆ ಬರೆದು ಸಹಿ ಹಾಕಿದ್ದೇನೆ: ಡಾಕ್ಟರಮ್ಮನವರು ಕೆಲಸದಲ್ಲಿದ್ದಾರೆ.